ಕುಟುಂಬದ ಸಮಾಧಿ ಜಾಗ: ಹಕ್ಕು ಯಾರಿಗೆ, ಕಾಗದ ಮಾಡಿಸುವುದು ಹೇಗೆ

ಹೊಲ, ಮನೆ, ಬ್ಯಾಂಕಿನ ಠೇವಣಿಗಳ ಪಾಲಿಗಾಗಿ ವರ್ಷಗಟ್ಟಲೆ ಪಂಚಾಯ್ತಿ ಸೇರಿಸುವ ಮನೆಗಳಲ್ಲೂ ಸಮಾಧಿ ಜಾಗದ ಮಾತು ಬರುವುದು ಹೆಣ ಅಂಗಳದಲ್ಲಿರುವಾಗ. ಆ ಹೊತ್ತಿಗೆ ಪಹಣಿ ತೆಗೆಸಲು ನಾಡಕಚೇರಿ ತೆರೆದಿರುವುದಿಲ್ಲ. ಚರ್ಚಿನ ಹಳೆಯ ರಸೀದಿ ಯಾವ ಟ್ರಂಕಿನಲ್ಲಿದೆ ಎಂದು ತಿಳಿದಿದ್ದವರೇ ತೀರಿಕೊಂಡಿರುತ್ತಾರೆ. ದೂರದ ಊರಿನ ಮಗಳು ಇನ್ನೂ ದಾರಿಯಲ್ಲಿರುತ್ತಾಳೆ. ಯಾರ ದನಿ ದೊಡ್ಡದೋ ಅವರ ಮಾತು ನಡೆಯುತ್ತದೆ, ಮುನಿಸು ಮಾತ್ರ ಮುಂದಿನ ತಲೆಮಾರಿಗೂ ಉಳಿಯುತ್ತದೆ.

ಹೂಳುವ ಪದ್ಧತಿಯಿರುವ ಕರ್ನಾಟಕದ ಕುಟುಂಬಗಳಿಗಾಗಿ ಈ ಬರಹ. ಲಿಂಗಾಯತರು, ಹೊಲದಲ್ಲೇ ಮಣ್ಣು ಮಾಡುವ ಇತರ ಸಮುದಾಯದವರು, ಕ್ರೈಸ್ತರು, ಮುಸ್ಲಿಮರು ಎಲ್ಲರಿಗೂ ಇದರಲ್ಲಿ ಒಂದಿಷ್ಟು ಕೆಲಸದ ವಿಷಯವಿದೆ. ಓದಲು ತೊಡಗುವ ಮುನ್ನ ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಮಾಧಿಯ ವಿಷಯದಲ್ಲಿ ಮೂರು ಬೇರೆ ಬೇರೆ ಹಕ್ಕುಗಳಿವೆ: ನೆಲದ ಒಡೆತನ, ಆ ನೆಲದಲ್ಲಿ ಇನ್ನೊಬ್ಬರನ್ನು ಹೂಳುವ ಹಕ್ಕು, ಈಗಾಗಲೇ ಇರುವ ಸಮಾಧಿಯ ಮೇಲಿನ ಹಕ್ಕು, ಅಂದರೆ ಕಲ್ಲು ನಿಲ್ಲಿಸುವುದು, ಹೆಸರು ಕೆತ್ತಿಸುವುದು, ಪೂಜೆಗೋ ಪ್ರಾರ್ಥನೆಗೋ ಹೋಗಿಬರುವುದು, ಬೇಡವೆಂದರೆ ತೆರೆಯದಂತೆ ತಡೆಯುವುದು. ಈ ಮೂರೂ ಒಬ್ಬರ ಕೈಯಲ್ಲೇ ಇರುವುದು ಅಪರೂಪ. ನಾನು ಕಂಡ ಬಹುಪಾಲು ಜಗಳಗಳಲ್ಲಿ ಒಬ್ಬರು ಒಂದು ಹಕ್ಕಿನ ಬಗ್ಗೆ ಮಾತಾಡುತ್ತಿದ್ದರೆ ಇನ್ನೊಬ್ಬರು ಮತ್ತೊಂದರ ಬಗ್ಗೆ ಮಾತಾಡುತ್ತಿರುತ್ತಾರೆ.

ಮೊದಲ ಕೆಲಸ: ಜಾಗ ಯಾವ ಬಗೆಯದೆಂದು ತಿಳಿಯಿರಿ

ಊರಿನ ಜಾಗವಾದರೆ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಒಂಬತ್ತನೆಯ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದನೆಯದರಲ್ಲಿ ಋಣ ಅಥವಾ ಇತರ ಹಕ್ಕುಗಳ ಉಲ್ಲೇಖವಿದೆಯೇ ನೋಡಿ. ಇವೆರಡಕ್ಕಿಂತ ಹೆಚ್ಚು ಜನ ಗಮನಿಸದೆ ಬಿಡುವುದು ವಿಸ್ತೀರ್ಣದ ಕೆಳಗಿರುವ ಖರಾಬಿನ ಲೆಕ್ಕವನ್ನು. ಕರ್ನಾಟಕ ಭೂಕಂದಾಯ ನಿಯಮಗಳು, 1966 ಖರಾಬನ್ನು ಎರಡು ಬಗೆ ಮಾಡುತ್ತವೆ. ಕೃಷಿಗೆ ಬಾರದ, ಹಿಡುವಳಿದಾರನ ಕಣ, ಕಟ್ಟಡದಂಥ ಜಾಗ ‘ಅ’ ಖರಾಬು. ರಸ್ತೆ, ಹಳ್ಳ, ಸಾರ್ವಜನಿಕ ಉದ್ದೇಶದ ಜಾಗ, ಹೂಳುವ ಅಥವಾ ಸುಡುವ ಜಾಗ ‘ಬ’ ಖರಾಬು. ನಿಮ್ಮ ಅಜ್ಜನ ಸಮಾಧಿಯಿರುವ ಮೂಲೆ ‘ಬ’ ಖರಾಬಿನಲ್ಲಿ ಬಿದ್ದಿದ್ದರೆ, ಸುತ್ತಲಿನ ಜಮೀನು ನಿಮ್ಮದೇ ಆದರೂ ಆ ತುಂಡು ಪಾಲಿಗೂ ಬರುವುದಿಲ್ಲ, ಮಾರಾಟಕ್ಕೂ ಬರುವುದಿಲ್ಲ. ಗೊಂದಲವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸಿ. ಹದ್ದುಬಸ್ತಿನ ಶುಲ್ಕ ವಕೀಲರ ಶುಲ್ಕಕ್ಕಿಂತ ಎಷ್ಟೋ ಕಡಿಮೆ.

ಚರ್ಚಿನ ಸ್ಮಶಾನವಾದರೆ ನೆಲ ಯಾವ ಟ್ರಸ್ಟಿನದು, ನಿರ್ವಹಣೆ ಯಾವ ಸಮಿತಿಯದು ಎಂದು ಕೇಳಿ. ಇವೆರಡೂ ಹಲವು ಕಡೆ ಬೇರೆ ಬೇರೆ. ಖಬರಸ್ತಾನವಾದರೆ ವಕ್ಫ್ ಮಂಡಳಿಯ ದಾಖಲೆಯಲ್ಲಿ ಅದು ಹೇಗೆ ನಮೂದಾಗಿದೆ ಎಂದು ತಿಳಿದುಕೊಳ್ಳಿ. ಸಮಾಜದ ರುದ್ರಭೂಮಿಯಾದರೆ ಅದನ್ನು ನಡೆಸುವ ಸಂಘದ ಬೈಲಾ ಕೇಳಿ ಪಡೆಯಿರಿ. ಪಾಲಿಕೆ ಅಥವಾ ಪಂಚಾಯ್ತಿಯ ಸ್ಮಶಾನದ ಬಗ್ಗೆ ಹೇಳಲು ಹೆಚ್ಚಿಲ್ಲ: ಅಲ್ಲಿ ಕುಟುಂಬಕ್ಕೆ ಸ್ಥಿರವಾದ ಹಕ್ಕಿರುವುದಿಲ್ಲ. ಅಪ್ಪನ ಪಕ್ಕದಲ್ಲೇ ಅಮ್ಮನಿಗೆ ಜಾಗ ಸಿಕ್ಕರೆ ಅದು ಅನುಕೂಲದಿಂದ, ಕಾಯುವವರ ಸಹಕಾರದಿಂದ ಸಿಕ್ಕಿದ್ದು. ಅನುಮತಿ ಇಲ್ಲದೆ ಗ್ರಾನೈಟ್ ಕಟ್ಟೆ ಕಟ್ಟಿಸಿದವರು ಅದನ್ನು ಒಡೆದಾಗ ಪರಿಹಾರ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಸ್ವಂತ ಜಮೀನಿನಲ್ಲಿ ಸಮಾಧಿ ಇದ್ದರೆ

ಇಲ್ಲಿ ನೆಲ ನಿಮ್ಮದು. ಹಾಗಾಗಿ ಸಮಾಧಿಯಿರುವ ತುಂಡೂ ಉಳಿದ ಜಮೀನಿನಂತೆಯೇ ವಾರಸುದಾರರಿಗೆ ಇಳಿಯುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಮೊದಲ ಸಾಲಿನ ಸಮಾನ ಹಕ್ಕುದಾರರು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮದುವೆಯಾಗಿ ಹೋದ ಮಗಳು ತವರಿನ ಸಮಾಧಿಗೆ ಹಬ್ಬದ ದಿನ ಎಡೆ ಇಡಲು ಬಂದರೆ ‘ನಿನಗೇನು ಹಕ್ಕು’ ಎನ್ನುವ ಅಣ್ಣಂದಿರು ಇದನ್ನು ಎರಡು ಸಲ ಓದಬೇಕು.

ತೊಡಕು ಹುಟ್ಟುವುದು ಪಾಲಾಗುವಾಗ. ನಾಲ್ಕು ಎಕರೆ ಜಮೀನು, ಮೂವರು ಗಂಡುಮಕ್ಕಳು, ಒಬ್ಬ ಮಗಳು. ಸಮಾಧಿಯ ಮೂಲೆ ಕಿರಿಯವನ ಪಾಲಿಗೆ ಬೀಳುತ್ತದೆ. ಎಲ್ಲರೂ ‘ಅವನೇನು ಬೇಡ ಅನ್ನುತ್ತಾನೆಯೇ’ ಎಂದು ಸುಮ್ಮನಾಗುತ್ತಾರೆ. ಅವನು ಬೇಡ ಅನ್ನುವುದಿಲ್ಲ ನಿಜ. ಅವನ ಮಗ ಬಡಾವಣೆ ಮಾಡುವವರಿಗೆ ಜಮೀನು ಮಾರುತ್ತಾನೆ, ಕೊಂಡವರು ಬೇಲಿ ಹಾಕುತ್ತಾರೆ. ಕ್ರಯಪತ್ರದಲ್ಲಿ ಸಮಾಧಿಯ ಸುದ್ದಿಯೇ ಇಲ್ಲದಿದ್ದರೆ ದೊಡ್ಡಪ್ಪನ ಮಕ್ಕಳು ಬೇಲಿಯ ಹೊರಗೆ ನಿಂತು ಕರ್ಪೂರ ಹಚ್ಚಬೇಕಾಗುತ್ತದೆ. ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಇಂಥದ್ದು ಹೊಸತೇನಲ್ಲ.

ಇದಕ್ಕೆ ಮದ್ದು ವಿಭಾಗ ಪತ್ರದಲ್ಲೇ ಇದೆ. ಸಮಾಧಿ ಜಾಗವನ್ನು ಯಾರ ಪಾಲಿಗೂ ಹಾಕದೆ ಜಂಟಿಯಾಗಿ ಉಳಿಸಿ. ಒಂದು ಗುಂಟೆ ಎಂದರೆ 1,089 ಚದರಡಿ. ಸಾಮಾನ್ಯ ಕುಟುಂಬಕ್ಕೆ ಒಂದೆರಡು ಗುಂಟೆ ಸಾಕು. ದಾರಿಯನ್ನು ಮರೆಯಬೇಡಿ. ದಾರಿಯಿಲ್ಲದ ಸಮಾಧಿ ಜಾಗ ಕಾಗದದ ಮೇಲೆ ಮಾತ್ರ ನಿಮ್ಮದು. ಪತ್ರ ಬರೆಯುವವರಿಗೆ ಈ ಧಾಟಿಯ ಒಕ್ಕಣೆ ಕೊಡಬಹುದು:

‘ಸದರಿ ಸರ್ವೆ ನಂಬರಿನ ಈಶಾನ್ಯ ಮೂಲೆಯಲ್ಲಿರುವ, ಪೂರ್ವ–ಪಶ್ಚಿಮ ಇಷ್ಟು ಅಡಿ, ಉತ್ತರ–ದಕ್ಷಿಣ ಇಷ್ಟು ಅಡಿ ಅಳತೆಯ ಸಮಾಧಿ ಜಾಗವನ್ನೂ, ಬಂಡಿದಾರಿಯಿಂದ ಅಲ್ಲಿಗೆ ಹೋಗುವ ಇಷ್ಟು ಅಡಿ ಅಗಲದ ದಾರಿಯನ್ನೂ ಯಾರ ಪಾಲಿಗೂ ಸೇರಿಸದೆ ಎಲ್ಲ ಪಾಲುದಾರರ ಹಾಗೂ ಅವರ ವಾರಸುದಾರರ ಜಂಟಿ ಸ್ವತ್ತಾಗಿ ಉಳಿಸಿಕೊಂಡಿರುತ್ತೇವೆ. ಇದನ್ನು ಯಾರೊಬ್ಬರೂ ಮಾರುವಂತಿಲ್ಲ, ಆಧಾರ ಮಾಡುವಂತಿಲ್ಲ, ಉಳುವಂತಿಲ್ಲ. ಪಾಲುದಾರರು, ಅವರ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ತೀರಿಕೊಂಡಲ್ಲಿ ಇಲ್ಲಿ ಸಮಾಧಿ ಮಾಡಲು ಉಳಿದವರ ತಕರಾರು ಇರುವುದಿಲ್ಲ.’

ಚೆಕ್ಕುಬಂದಿಯನ್ನು ನಾಲ್ಕೂ ದಿಕ್ಕಿಗೆ ಬರೆಸಿ, ಪಾಲಿಗೆ ಮುಂಚೆ ಭೂಮಾಪನ ಮಾಡಿ ತಯಾರಿಸುವ 11ಇ ನಕ್ಷೆಯಲ್ಲಿ ಆ ತುಂಡನ್ನು ಪ್ರತ್ಯೇಕವಾಗಿ ತೋರಿಸಲು ಭೂಮಾಪಕರಿಗೆ ಹೇಳಿ, ಪತ್ರವನ್ನು ನೋಂದಣಿ ಮಾಡಿಸಿ. ಊರಿನ ಹಿರಿಯರ ಮುಂದೆ ಬರೆದುಕೊಂಡ ಪಾಲುಪಾರಿಕತ್ತಿಗೆ ಮರ್ಯಾದೆ ಇದೆ, ಆದರೆ ಸ್ಥಿರಾಸ್ತಿಯನ್ನು ಭಾಗ ಮಾಡುವ ಬರಹ ನೋಂದಣಿಯಾಗಿರಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಹಿರಿಯರು ಇರುವವರೆಗೆ ಆ ಬರಹ ನಡೆಯುತ್ತದೆ. ಅವರ ಕಾಲವಾದ ಮೇಲೆ ನ್ಯಾಯಾಲಯದಲ್ಲಿ ತಿಣುಕುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡುವ ಅಕ್ಕತಂಗಿಯರು ಜಮೀನಿನ ಜೊತೆಗೆ ತಂದೆತಾಯಿಯ ಸಮಾಧಿಯ ಮೇಲಿನ ಮಾತನ್ನೂ ಬಿಟ್ಟುಕೊಟ್ಟಂತಾಗುತ್ತದೆ. ಬಿಡುಗಡೆ ಮಾಡುವುದು ನಿಮ್ಮಿಷ್ಟ. ಆದರೆ ‘ಸಮಾಧಿ ಜಾಗ ಮತ್ತು ಅದರ ದಾರಿಯನ್ನು ಹೊರತುಪಡಿಸಿ’ ಎಂಬ ಆರು ಪದ ಸೇರಿಸಲು ಯಾರ ಗಂಟೂ ಹೋಗುವುದಿಲ್ಲ. ಸೇರಿಸಲು ಒಪ್ಪದಿದ್ದರೆ ಯಾಕೆಂದು ಕೇಳಿ; ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ.

ಮಾರುವವರು ಕ್ರಯಪತ್ರದ ಷೆಡ್ಯೂಲಿನಿಂದ ಸಮಾಧಿಯ ತುಂಡನ್ನು ಹೊರಗಿಡಬೇಕು. ಅದು ಸಾಧ್ಯವಾಗದಿದ್ದರೆ ಹೋಗಿಬರುವ ಹಕ್ಕನ್ನಾದರೂ ಸ್ಪಷ್ಟವಾಗಿ ಉಳಿಸಿಕೊಳ್ಳಬೇಕು. ‘ಕೊಂಡವರು ಒಳ್ಳೆಯವರು’ ಎಂಬ ನಂಬಿಕೆ ಅವರು ಮರುಮಾರಾಟ ಮಾಡುವವರೆಗೆ. ಕೊಳ್ಳುವವರೂ ಜಮೀನನ್ನು ಕಾಲಿನಿಂದ ಸುತ್ತಿ ನೋಡಬೇಕು. ಪೊದೆಯ ನಡುವೆ ಕಲ್ಲಿನ ಕಟ್ಟೆ, ಲಿಂಗಮುದ್ರೆ, ಸಾಲುಗಲ್ಲು ಕಂಡರೆ ಮಾರುವವರ ಇಡೀ ಕುಟುಂಬವನ್ನು ಕೂರಿಸಿ ಮಾತಾಡಿ. ಜನರ ಮನಸ್ಸಿಗೆ ನೋವಾಗುತ್ತದೆಂದು ತಿಳಿದೂ ಸಮಾಧಿ ಸ್ಥಳವನ್ನು ಅತಿಕ್ರಮಿಸುವುದು, ಶವಕ್ಕೆ ಅವಮಾನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೆಯ ಕಲಮಿನಡಿ ಅಪರಾಧ. ಹಿಂದೆ ಇದು ದಂಡ ಸಂಹಿತೆಯ 297ನೆಯ ಕಲಮಾಗಿತ್ತು. ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಜೆಸಿಬಿ ಕರೆಸುವ ಮುನ್ನ ವಕೀಲರನ್ನು ಕರೆಸಿ.

ಇನ್ನು ಹೊಸದಾಗಿ ಹೂಳುವ ಪ್ರಶ್ನೆ. ಜಮೀನು ನನ್ನದು, ಹಾಗಾಗಿ ನನ್ನಿಷ್ಟ ಎಂಬ ಮಾತು ಎಲ್ಲ ಕಡೆ ನಡೆಯುವುದಿಲ್ಲ. ನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಅನುಮತಿ ಪಡೆಯದ ಜಾಗದಲ್ಲಿ ಹೂಳುವಂತಿಲ್ಲ. ನಿನ್ನೆಯವರೆಗೆ ಹಳ್ಳಿಯಾಗಿದ್ದು ಇಂದು ಪಾಲಿಕೆಗೆ ಸೇರಿದ ಊರುಗಳವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಹಳ್ಳಿಗಳಲ್ಲಿ ರೂಢಿ ನಡೆಯುತ್ತದೆ. ಕುಡಿಯುವ ನೀರಿನ ಬಾವಿ, ಮನೆಗಳ ಸಮೀಪವಾದರೆ ಪಂಚಾಯ್ತಿ ತಡೆಯಬಹುದು. ಸ್ವಂತ ಕೃಷಿ ಜಮೀನಿನಲ್ಲಿ ಹೂಳುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರಲಿಲ್ಲ. ಛತ್ತೀಸಗಡದ ಬಸ್ತರಿನ ಕ್ರೈಸ್ತ ಕುಟುಂಬವೊಂದರ ಅರ್ಜಿಯಲ್ಲಿ, 2025ರ ಜನವರಿ 27ರಂದು, ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಸ್ವಂತ ಜಮೀನಿನಲ್ಲಿ ಹೂಳಲು ಬಿಡಬೇಕೆಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಗೊತ್ತುಪಡಿಸಿದ ಜಾಗದಲ್ಲೇ ಆಗಬೇಕೆಂದರು. ಶವ ಸುಮಾರು ಮೂರು ವಾರ ಶವಾಗಾರದಲ್ಲಿತ್ತು. ಇನ್ನಷ್ಟು ತಡ ಬೇಡವೆಂದು ಪೀಠವು ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸದೆ, ದೂರದ ಇನ್ನೊಂದು ಊರಿನ ಕ್ರೈಸ್ತ ಸ್ಮಶಾನದಲ್ಲಿ ಹೂಳಲು ಆದೇಶಿಸಿತು. ಹಾಗಾಗಿ ‘ಸ್ವಂತ ಜಮೀನು’ ಎಂಬ ಒಂದೇ ವಾದವನ್ನು ನಂಬಿ ಕೂರಬೇಡಿ. ಹಿಂದಿನ ಸಮಾಧಿಗಳ ಛಾಯಾಚಿತ್ರ, ಪಂಚಾಯ್ತಿಯ ಒಪ್ಪಿಗೆ ಪತ್ರ, ನೆರೆ ಜಮೀನಿನವರ ಸಹಿ ಇವು ಕೈಯಲ್ಲಿರಲಿ.

ಸ್ವಂತ ಜಮೀನಿನಲ್ಲಿ ಹೂಳಿದವರಿಗೆ ಇನ್ನೊಂದು ಜವಾಬ್ದಾರಿ ತಪ್ಪುವುದಿಲ್ಲ. ಅಲ್ಲಿ ಸ್ಮಶಾನದ ಚೀಟಿ ಕೊಡುವವರು ಯಾರೂ ಇಲ್ಲ. ಮರಣವನ್ನು ನೋಂದಣಿ ಮಾಡಿಸಬೇಕಾದವರು ಮನೆಯ ಯಜಮಾನರೇ, ಅದೂ 21 ದಿನಗಳೊಳಗೆ. ತಡವಾದರೆ ಶುಲ್ಕ, ಅನುಮತಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಮರಣ ಪ್ರಮಾಣಪತ್ರವಿಲ್ಲದೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು, ಆಗುವುದಿಲ್ಲ, ಪೌತಿ ಖಾತೆಯಾಗದೆ ಮೇಲೆ ಹೇಳಿದ ವಿಭಾಗ ಪತ್ರವೂ ನಿಂತುಬಿಡುತ್ತದೆ.

ಚರ್ಚಿನ ಸ್ಮಶಾನದಲ್ಲಿ ಕುಟುಂಬದ ಗೋರಿ

ಸಮಾಧಿ ಕಲ್ಲಿನ ಮೇಲೆ ಕುಟುಂಬದ ಹೆಸರು ಕೆತ್ತಿಸಿದ್ದೇವೆ, ಅಜ್ಜ ದುಡ್ಡು ಕೊಟ್ಟು ಕೊಂಡ ಜಾಗ, ಆದ್ದರಿಂದ ಅದು ನಮ್ಮ ಆಸ್ತಿ ಎಂದು ಬಹಳ ಜನ ನಂಬಿದ್ದಾರೆ. ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಾಯಿತ ಪತ್ರ ಬೇಕು. ಅಜ್ಜನ ಕೈಯಲ್ಲಿದ್ದದ್ದು ರಸೀದಿ. ನೆಲ ಧರ್ಮಪ್ರಾಂತ್ಯದ ಅಥವಾ ಚರ್ಚಿನ ಟ್ರಸ್ಟಿನ ಹೆಸರಿನಲ್ಲೇ ಇದೆ. ದಕ್ಷಿಣ ಭಾರತ ಸಭೆಯ ಚರ್ಚುಗಳ ಆಸ್ತಿ ಸಾಮಾನ್ಯವಾಗಿ ಅದರ ಟ್ರಸ್ಟ್ ಅಸೋಸಿಯೇಷನ್ನಿನದು. ನಿಮ್ಮ ಕುಟುಂಬಕ್ಕೆ ಸಿಕ್ಕಿರುವುದು ಇಂಥ ಗೋರಿಯಲ್ಲಿ, ಇಂಥ ನಿಯಮಗಳಿಗೆ ಒಳಪಟ್ಟು, ಹೂಳುವ ಅನುಮತಿ. ಅನುಮತಿ ಎಂದರೆ ಹಗುರವಾದದ್ದು ಎಂದಲ್ಲ. ಶುಲ್ಕ ಪಡೆದು, ಕಲ್ಲು ಕಟ್ಟಲು ಬಿಟ್ಟು, ದಶಕಗಳ ನಂತರ ಸಮಿತಿ ಮನಬಂದಂತೆ ಅದನ್ನು ಕಿತ್ತುಕೊಳ್ಳಲಾಗದು. ಆದರೆ ಅದನ್ನು ಹೊರಗಿನವರಿಗೆ ಮಾರುವುದು, ಅಡವಿಡುವುದು, ಉಯಿಲಿನಲ್ಲಿ ಸ್ನೇಹಿತನಿಗೆ ಬರೆಯುವುದು ನಡೆಯುವುದಿಲ್ಲ.

ಹೀಗಾಗಿ ಸಮಿತಿಯ ಕಚೇರಿಗೆ ಹೋಗಿ ರಿಜಿಸ್ಟರಿನಲ್ಲಿ ನಿಮ್ಮ ಗೋರಿಯ ನಮೂದನ್ನು ಕಣ್ಣಾರೆ ನೋಡಿ. ಗೋರಿಯ ಸಂಖ್ಯೆ, ಯಾರ ಹೆಸರಿಗೆ ಕೊಟ್ಟಿದ್ದು, ಶಾಶ್ವತವೋ ತಾತ್ಕಾಲಿಕವೋ, ಎಷ್ಟು ಜನರನ್ನು ಒಂದರ ಮೇಲೊಂದರಂತೆ ಹೂಳಬಹುದು, ಒಮ್ಮೆ ಹೂಳಿದ ಮೇಲೆ ಎಷ್ಟು ವರ್ಷ ತೆರೆಯುವಂತಿಲ್ಲ, ವಾರ್ಷಿಕ ನಿರ್ವಹಣೆಯ ಬಾಕಿ ಇದೆಯೇ ಇವೆಲ್ಲವನ್ನೂ ಬರೆದುಕೊಳ್ಳಿ. ದೃಢೀಕರಿಸಿದ ನಕಲು ಸಿಕ್ಕರೆ ಇನ್ನೂ ಒಳ್ಳೆಯದು. ಮರು ತೆರೆಯುವ ಅವಧಿ ಸ್ಮಶಾನದಿಂದ ಸ್ಮಶಾನಕ್ಕೆ ಬೇರೆ. ಮಣ್ಣಿನ ಗುಣ, ಪೆಟ್ಟಿಗೆ ಎಂಥದು, ಕಾಂಕ್ರೀಟ್ ಹಾಕಿದೆಯೇ ಎಂಬುದರ ಮೇಲೂ ಅದು ನಿಂತಿದೆ. ತಾತ್ಕಾಲಿಕ ಗೋರಿಯಾದರೆ ಅವಧಿ ಮುಗಿದ ಮೇಲೆ ಮೂಳೆಗಳನ್ನು ಬೇರೆಡೆ ಸೇರಿಸಿ ಜಾಗವನ್ನು ಮತ್ತೊಬ್ಬರಿಗೆ ಕೊಡುತ್ತಾರೆ. ಅದನ್ನು ಶಾಶ್ವತ ಮಾಡಿಸಿಕೊಳ್ಳುವ ಅವಕಾಶವಿದ್ದರೆ ಅವಧಿಯೊಳಗೇ ಕೇಳಬೇಕು.

ರಿಜಿಸ್ಟರಿನಲ್ಲಿ ಇನ್ನೂ ಅಜ್ಜನ ಹೆಸರೇ ಇದೆ ಎಂದಿಟ್ಟುಕೊಳ್ಳಿ. ಈಗ ವಾರಸುದಾರಿಕೆ ಯಾರದು? ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರಂತೆ ಉಯಿಲಿಲ್ಲದ ಕ್ರೈಸ್ತರ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ. ಹಣವನ್ನೋ ಮನೆಯನ್ನೋ ಹೀಗೆ ಹಂಚಬಹುದು, ಆರಡಿ ಗೋರಿಯನ್ನು ಮೂರು ಭಾಗ ಮಾಡಿ ಏನು ಮಾಡುವುದು? ಇಲ್ಲಿ ನಡೆಯುವುದು ಸ್ಮಶಾನದ ನಿಯಮ. ಬಹುತೇಕ ಸಮಿತಿಗಳು ಒಬ್ಬರ ಹೆಸರನ್ನು ಮಾತ್ರ ಬರೆದುಕೊಳ್ಳುತ್ತವೆ, ಉಳಿದವರ ನಿರಾಕ್ಷೇಪಣೆ ಕೇಳುತ್ತವೆ. ಅಜ್ಜನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಹಳೆಯ ರಸೀದಿ, ಎಲ್ಲರ ಗುರುತಿನ ಚೀಟಿಯ ನಕಲು ಇಟ್ಟು ಇಂಥ ಪತ್ರ ಕೊಡಿ:

‘ನಮ್ಮ ತಾತ ದಿವಂಗತ ಇಂಥವರ ಹೆಸರಿನಲ್ಲಿರುವ ಇಂಥ ಸಂಖ್ಯೆಯ ಕುಟುಂಬದ ಗೋರಿಗೆ ನಾವು ಕೆಳಗೆ ಸಹಿ ಮಾಡಿರುವವರೆಲ್ಲರೂ ವಾರಸುದಾರರು. ಸಮಿತಿಯ ಜೊತೆಗಿನ ವ್ಯವಹಾರಕ್ಕಾಗಿ ನಮ್ಮಲ್ಲಿ ಇಂಥವರ ಹೆಸರನ್ನು ದಾಖಲಿಸಬೇಕೆಂದು ಕೋರುತ್ತೇವೆ. ಇದರಿಂದ ಉಳಿದವರ ಹೂಳುವ ಹಕ್ಕು ಇಲ್ಲವಾಗುವುದಿಲ್ಲ. ಗೋರಿಯನ್ನು ತೆರೆಯುವ, ಕಲ್ಲನ್ನು ಬದಲಿಸುವ ಅಥವಾ ಹಕ್ಕನ್ನು ಬಿಟ್ಟುಕೊಡುವ ಮುನ್ನ ನಮ್ಮೆಲ್ಲರ ಲಿಖಿತ ಒಪ್ಪಿಗೆ ಇರಬೇಕು.’

ಕೊನೆಯ ಎರಡು ವಾಕ್ಯಗಳೇ ಈ ಪತ್ರದ ಜೀವ. ಅವಿಲ್ಲದಿದ್ದರೆ ‘ವ್ಯವಹಾರಕ್ಕಾಗಿ’ ಹೆಸರು ಬರೆಸಿದ ಚಿಕ್ಕಪ್ಪ ಹತ್ತು ವರ್ಷದಲ್ಲಿ ಗೋರಿಯ ಒಡೆಯನಾಗಿಬಿಡುತ್ತಾರೆ. ಸಮಿತಿಯಿಂದ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಎಲ್ಲರೂ ಇಟ್ಟುಕೊಳ್ಳಿ.

ಇದಕ್ಕಿಂತ ಕಷ್ಟದ್ದು ಉಳಿದಿರುವ ಒಂದು ಜಾಗ ಯಾರಿಗೆ ಎಂಬ ಪ್ರಶ್ನೆ. ಎರಡು ಹಂತದ ಗೋರಿ, ಅಪ್ಪ ಕೆಳಗಿದ್ದಾರೆ. ಅಮ್ಮ ಬದುಕಿದ್ದಾರೆ, ಮೇಲಿನದು ತನ್ನದೆಂದು ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಅಷ್ಟರಲ್ಲಿ ಹಿರಿಮಗ ಅಪಘಾತದಲ್ಲಿ ಹೋಗುತ್ತಾನೆ. ಸೊಸೆ ಮತ್ತು ಅವಳ ತವರಿನವರು ‘ತಂದೆಯ ಜೊತೆಗೇ ಇರಲಿ’ ಎನ್ನುತ್ತಾರೆ. ಆ ಕ್ಷಣದಲ್ಲಿ ಅಮ್ಮ ಬೇಡ ಎನ್ನುವುದಾದರೂ ಹೇಗೆ? ನನ್ನ ಅಭಿಪ್ರಾಯ ಖಡಾಖಂಡಿತ: ಮೊದಲ ಹಕ್ಕು ಬದುಕಿರುವ ಸಂಗಾತಿಯದು, ಅವರು ಸ್ವಂತ ಮನಸ್ಸಿನಿಂದ ಬರೆದುಕೊಡುವವರೆಗೆ ಬೇರೆಯವರು ಅದನ್ನು ಮುಟ್ಟಬಾರದು. ದುಃಖದ ಮೊದಲ ದಿನ ಪಡೆದ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದು ಕರೆಯಲಾರೆ. ಆದ್ದರಿಂದ ಎಲ್ಲರೂ ಆರೋಗ್ಯವಾಗಿರುವಾಗಲೇ ಕ್ರಮವನ್ನು ಬರೆದಿಡಿ. ಮೊದಲು ಸಂಗಾತಿ, ಆಮೇಲೆ ಮದುವೆಯಾಗದೆ ಉಳಿದ ಮಕ್ಕಳು, ಆಮೇಲೆ ಉಳಿದ ಮಕ್ಕಳು, ಹೆಣ್ಣುಮಕ್ಕಳೂ ಸೇರಿ. ಎರಡನೆಯ ಮದುವೆಯಾಗಿದ್ದರೆ ಅದನ್ನೂ ಹೆಸರು ಹಿಡಿದು ಬರೆಯಿರಿ; ‘ಹೆಂಡತಿ’ ಎಂದಷ್ಟೇ ಬರೆದ ಕಾಗದ ಜಗಳಕ್ಕೆ ಬಾಗಿಲು ತೆರೆದಿಟ್ಟಂತೆ.

ಬೇರೆ ಸಭೆಗೆ ಮದುವೆಯಾಗಿ ಹೋದ ಮಗಳು, ಬೇರೆ ಧರ್ಮದ ಅಳಿಯ, ಸದಸ್ಯತ್ವದ ಚಂದಾ ಕಟ್ಟದೆ ಬಿಟ್ಟ ಮಗ ಇವರ ವಿಷಯದಲ್ಲಿ ಸಮಿತಿಗಳ ಕಟ್ಟುಪಾಡು ಬೇರೆ ಬೇರೆ. ಕ್ಯಾಥೋಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆ ಒಬ್ಬರಿಗೆ ತಮ್ಮ ಸ್ಮಶಾನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಡುತ್ತದೆ, ಕುಟುಂಬಗಳಿಗೆ ಪ್ರತ್ಯೇಕ ಗೋರಿ ಇರಬಹುದೆಂದೂ ಒಪ್ಪುತ್ತದೆ. ಜಾಗ ತುಂಬಿದ ಕುಟುಂಬಗಳಿಗೆ ಅಲ್ಲೊಂದು ದಾರಿಯೂ ಇದೆ: 1963ರಿಂದ ದಹನಕ್ಕೆ ಅನುಮತಿ ಇರುವುದರಿಂದ ಬೂದಿಯ ಕರಡಿಗೆಯನ್ನು ಹಳೆಯ ಗೋರಿಯಲ್ಲೇ ಇಡಲು ಕೇಳಬಹುದು. ಮನೆಯಲ್ಲಿ ಇಟ್ಟುಕೊಳ್ಳುವುದನ್ನೂ ಚೆಲ್ಲುವುದನ್ನೂ ಧರ್ಮಸಭೆ ಒಪ್ಪುವುದಿಲ್ಲ.

ಧರ್ಮಸಭೆಯೊಳಗಿನ ಬಣಗಳ ಜಗಳ ಕುಟುಂಬದ ಗೋರಿಯವರೆಗೆ ಬಂದರೆ ಏನಾಗುತ್ತದೆಂಬುದಕ್ಕೆ ನೆರೆಯ ಕೇರಳವನ್ನು ನೋಡಬೇಕು. ಮಲಂಕರ ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಬಣಗಳ ವ್ಯಾಜ್ಯದಲ್ಲಿ ಶವಗಳು ದಿನಗಟ್ಟಲೆ ಕಾಯಬೇಕಾಗಿ ಬಂದಾಗ ಆ ಸರ್ಕಾರ 2020ರಲ್ಲಿ ಕಾಯ್ದೆಯನ್ನೇ ತಂದಿತು. ಪೂರ್ವಿಕರನ್ನು ಹೂಳಿದ ಸ್ಮಶಾನದಲ್ಲಿ ಹೂಳುವ ಹಕ್ಕು ಕುಟುಂಬಕ್ಕಿದೆ. ಅಲ್ಲಿನ ಗುರುಗಳ ಪ್ರಾರ್ಥನೆ ಬೇಡವೆಂದರೆ ಬೇರೆಡೆ ಪ್ರಾರ್ಥನೆ ಮುಗಿಸಿ ತಂದು ಹೂಳಬಹುದು. ಅದು ಆ ರಾಜ್ಯದ ಆ ಬಣಗಳಿಗೆ ಸೀಮಿತ, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಅದನ್ನು ಹಿಡಿದು ವಾದಿಸುವಂತಿಲ್ಲ.

ಮಕ್ಕಳೆಲ್ಲ ಕೊಲ್ಲಿ ದೇಶಗಳಲ್ಲಿ, ಕೆನಡಾದಲ್ಲಿ ಇರುವ ಮನೆಗಳಲ್ಲಿ ಗೋರಿ ಕೈತಪ್ಪಲು ಕಾರಣ ದುರುದ್ದೇಶಕ್ಕಿಂತ ಹೆಚ್ಚಾಗಿ ಹಳೆಯ ವಿಳಾಸ. ಸಮಿತಿಯ ನೋಟಿಸು ಬಾಡಿಗೆಗೆ ಕೊಟ್ಟ ಮನೆಯ ಬಾಗಿಲಿಗೆ ಬಂದು ಹಿಂದಿರುಗುತ್ತದೆ. ಊರಲ್ಲಿರುವ ಒಬ್ಬ ನೆಂಟರ ಫೋನ್ ನಂಬರ್ ಕೊಡಿ, ಬಾಕಿ ಕಟ್ಟಿ. ವಿದೇಶದಲ್ಲಿ ಮುಖ್ತಾರುನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸಿ ಕಳಿಸುವುದಾದರೆ ಅಲ್ಲಿನ ನೋಟರಿ ಅಥವಾ ಭಾರತೀಯ ರಾಯಭಾರ ಕಚೇರಿಯ ದೃಢೀಕರಣವಿರಲಿ. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬ್ರಿಟನ್ನಿನ ಇಂಗ್ಲೆಂಡ್, ವೇಲ್ಸ್ ಭಾಗಗಳಲ್ಲಿ ನೆಲೆಸಿರುವವರ ಲೆಕ್ಕ ಬೇರೆ. ಅಲ್ಲಿನ ಸ್ಥಳೀಯ ಸಂಸ್ಥೆಗಳ ಸ್ಮಶಾನದಲ್ಲಿ, 1977ರ ಆದೇಶದಂತೆ, ಗೋರಿಯಲ್ಲಿ ಹೂಳುವ ಹಕ್ಕನ್ನು ಗೊತ್ತಾದ ಅವಧಿಗೆ, ಒಂದು ಸಲಕ್ಕೆ ಹೆಚ್ಚೆಂದರೆ ನೂರು ವರ್ಷಕ್ಕೆ, ಪತ್ರದ ಮೂಲಕ ಕೊಡುತ್ತಾರೆ. ಪತ್ರದಲ್ಲಿ ಹೆಸರಿದ್ದವರು ತೀರಿಕೊಂಡರೆ ಹಕ್ಕನ್ನು ವರ್ಗಾಯಿಸಿಕೊಂಡ ನಂತರವೇ ಮತ್ತೊಬ್ಬರನ್ನು ಹೂಳಲು ಅಥವಾ ಕಲ್ಲಿಗೆ ಹೆಸರು ಸೇರಿಸಲು ಅರ್ಜಿ ಕೊಡಬೇಕಾಗುತ್ತದೆ.

ಖಬರಸ್ತಾನ

ಸಾರ್ವಜನಿಕ ಖಬರಸ್ತಾನ ವಕ್ಫ್ ಆಸ್ತಿ. ಅದನ್ನು ಮಾರಲು, ದಾನ ಕೊಡಲು, ಅಡವಿಡಲು ವಕ್ಫ್ ಕಾಯ್ದೆ ಬಿಡುವುದಿಲ್ಲ. ಅಲ್ಲಿ ತಂದೆಯ ಗೋರಿ ಮಗನಿಗೆ ಪಿತ್ರಾರ್ಜಿತವಾಗಿ ಬರುವ ಪ್ರಶ್ನೆಯೇ ಇಲ್ಲ. ಗೋರಿಯ ಪಕ್ಕದ ಜಾಗವನ್ನು ಕಾದಿರಿಸುವುದಕ್ಕೂ, ಪಕ್ಕಾ ಗೋರಿ ಕಟ್ಟುವುದಕ್ಕೂ ಹಲವು ಜಮಾತ್ ಸಮಿತಿಗಳು ಒಪ್ಪುವುದಿಲ್ಲ, ನಗರಗಳಲ್ಲಂತೂ ಜಾಗದ ಅಭಾವ ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಕಾಲ ಕಳೆದ ಮೇಲೆ ಅದೇ ನೆಲದಲ್ಲಿ ಬೇರೊಬ್ಬರನ್ನು ಹೂಳುವುದು ರೂಢಿ.

ಕುಟುಂಬದ ಖಾಸಗಿ ಖಬರಸ್ತಾನದ ಕತೆ ಬೇರೆ. ಸ್ಥಾಪಿಸಿದವರ ಮನೆತನಕ್ಕೆ ಮೀಸಲಾದ ಜಾಗವೂ ಇರಬಹುದೆಂದು ಸುಪ್ರೀಂ ಕೋರ್ಟ್ 1976ರಲ್ಲಿ ಸಾಲಿ ಲಬ್ಬೈ ಪ್ರಕರಣದಲ್ಲಿ ಒಪ್ಪಿದೆ. ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಿದೆ: ಹೊರಗಿನವರನ್ನೂ ಎಗ್ಗಿಲ್ಲದೆ ಹೂಳುತ್ತಾ ಬಂದರೆ ಆ ಜಾಗ ಸಾರ್ವಜನಿಕವಾಗುತ್ತದೆ, ಒಮ್ಮೆ ಸಾರ್ವಜನಿಕವಾದ ಮೇಲೆ ಬಳಕೆ ನಿಂತಿತೆಂದು ಮತ್ತೆ ಖಾಸಗಿಯಾಗುವುದಿಲ್ಲ. ಊರಿನ ಬಡವನೊಬ್ಬನಿಗೆ ಜಾಗ ಕೊಡುವುದು ಪುಣ್ಯದ ಕೆಲಸ, ಅದನ್ನು ತಡೆಯಲು ನಾನು ಹೇಳುತ್ತಿಲ್ಲ. ಕೊಡುವಾಗ ಇಂಥ ದಿನ, ಇಂಥವರಿಗೆ, ಕುಟುಂಬದ ಅನುಮತಿಯಿಂದ ಎಂದು ಒಂದು ಪುಸ್ತಕದಲ್ಲಿ ಬರೆದು ಸಹಿ ಪಡೆಯಿರಿ. ಆ ಪುಸ್ತಕವೇ ಮುಂದೆ ನಿಮ್ಮ ಸಾಕ್ಷಿ.

ಇದೇ ಎಚ್ಚರ ಹೊಲದ ಸಮಾಧಿಗಳಿಗೂ ಸಲ್ಲುತ್ತದೆ. ಹಿರಿಯರ ಗದ್ದುಗೆಗೆ ಊರವರು ಜಾತ್ರೆ ಮಾಡತೊಡಗಿದರೆ ಅದು ಕುಟುಂಬದ ಜಾಗವೆಂದು ಸಾಧಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ.

ತೆರೆಯುವುದು, ಸ್ಥಳಾಂತರಿಸುವುದು, ಭೂಸ್ವಾಧೀನ

ಹೂಳಿದ ಮೇಲೆ ಶವ ಕಾನೂನಿನ ವಶದಲ್ಲಿರುತ್ತದೆ, ಹೊರತೆಗೆಯುವುದು ಯಾರ ಹಕ್ಕೂ ಅಲ್ಲ ಎಂದು 2022ರಲ್ಲಿ ಕಾಶ್ಮೀರದ ತಂದೆಯೊಬ್ಬರ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಮೀನು ಮಾರಿದ್ದೇವೆ, ಅಜ್ಜಿಯ ಅವಶೇಷಗಳನ್ನು ಹೊಸ ತೋಟಕ್ಕೆ ಒಯ್ಯುತ್ತೇವೆ ಎಂದು ರಾತ್ರೋರಾತ್ರಿ ಅಗೆಯುವುದು ಅಪಾಯದ ಕೆಲಸ. ಎಲ್ಲ ವಾರಸುದಾರರ ಸಹಿಯಿರುವ ಅರ್ಜಿ ಬರೆದು ತಹಶೀಲ್ದಾರರಿಂದಲೂ ಸ್ಥಳೀಯ ಸಂಸ್ಥೆಯಿಂದಲೂ ಲಿಖಿತ ಅನುಮತಿ ಪಡೆದು, ಹೋಗುವ ಜಾಗದವರ ಒಪ್ಪಿಗೆಯನ್ನೂ ಕೈಯಲ್ಲಿಟ್ಟುಕೊಂಡು, ಪಂಚರ ಮುಂದೆ ಮಹಜರು ಮಾಡಿಸಿ ತೆಗೆಯಿರಿ. ಅನುಮಾನಾಸ್ಪದ ಸಾವಿನ ತನಿಖೆಗಾಗಿ ಮ್ಯಾಜಿಸ್ಟ್ರೇಟರು ತೆರೆಸುವುದು ಬೇರೆ ವಿಷಯ. ಅದಕ್ಕೆ ಕುಟುಂಬದ ಒಪ್ಪಿಗೆ ಬೇಕಿಲ್ಲ.

ರಸ್ತೆಗೋ ಅಣೆಕಟ್ಟಿಗೋ ಜಮೀನು ಹೋಗುವಾಗ ಬಹಳ ಮಂದಿ ತೆಂಗಿನ ಮರ, ಕೊಳವೆಬಾವಿ ಎಣಿಸಿ ಸಮಾಧಿಯನ್ನು ಬಿಡುತ್ತಾರೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜೊತೆ ಹಿರಿಯರ ಸಮಾಧಿಗಳೂ ಮುಳುಗಿದ್ದನ್ನು ಬಾಗಲಕೋಟೆಯ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಯ ನಂತರ ಆಕ್ಷೇಪಣೆಗೆ 60 ದಿನಗಳಿವೆ. ಸಮಾಧಿಯ ಸ್ಥಳ, ಅಳತೆ, ಚಿತ್ರಗಳೊಂದಿಗೆ ಆಕ್ಷೇಪಣೆ ಸಲ್ಲಿಸಿ. ಜಂಟಿ ಅಳತೆಯ ದಿನ ಖುದ್ದಾಗಿ ಹಾಜರಿದ್ದು ಕಟ್ಟೆ, ಮಂಟಪಗಳನ್ನು ಕಟ್ಟಡಗಳ ಪಟ್ಟಿಗೆ ಸೇರಿಸಿ. ಪರಿಹಾರ ಅವಕ್ಕೂ ಉಂಟು. ಸ್ಥಳಾಂತರಕ್ಕೆ ಕಾಲಾವಕಾಶ ಬೇಕೆಂದೂ ಅದರಲ್ಲೇ ಕೇಳಿ.

ಜಗಳ ಎದ್ದೇ ಬಿಟ್ಟರೆ

ಶವ ಮನೆಯಲ್ಲಿರುವಾಗ ಹಕ್ಕಿನ ಅಂತಿಮ ತೀರ್ಮಾನ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆಗ ಬೇಕಾದ್ದು ಎಲ್ಲಿ ಹೂಳುವುದೆಂಬ ಒಂದು ತೀರ್ಮಾನ ಮಾತ್ರ. ‘ಈ ಅಂತ್ಯಕ್ರಿಯೆಯಿಂದ ಯಾರ ಹಕ್ಕಿಗೂ ಬಾಧೆಯಿಲ್ಲ, ಹಕ್ಕಿನ ವಿಚಾರ ನಂತರ’ ಎಂದು ಬಿಳಿ ಹಾಳೆಯ ಮೇಲೆ ಬರೆದು ಎರಡೂ ಕಡೆಯವರು ಸಹಿ ಹಾಕಿದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ಊರವರು ಅಥವಾ ಸಮಿತಿಯವರು ಹೂಳಲು ಬಿಡದಿದ್ದರೆ ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ ಏಕಕಾಲಕ್ಕೆ ಲಿಖಿತ ದೂರು ಕೊಡಿ. ಬಾಯಿಮಾತಿನ ದೂರಿಗೆ ಮರುದಿನ ಅಸ್ತಿತ್ವವಿರುವುದಿಲ್ಲ. ಗ್ರಾಮಕ್ಕೆ ಸ್ಮಶಾನವೇ ಇಲ್ಲದಿದ್ದರೆ ಆ ಕೊರತೆಯನ್ನೂ ದೂರಿನಲ್ಲಿ ಬರೆಯಿರಿ. ಸ್ಮಶಾನವಿಲ್ಲದ ಗ್ರಾಮಗಳಿಗೆ ಜಾಗ ಒದಗಿಸುವಂತೆ ಕರ್ನಾಟಕ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಆದೇಶಿಸಿದೆ.

ಜಮೀನಿನ ಸಮಾಧಿಯನ್ನು ಕೆಡವುವ ಸೂಚನೆ ಕಂಡರೆ ಸಿವಿಲ್ ನ್ಯಾಯಾಲಯದಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ಎದುರು ಪಕ್ಷದವರೇ ಮೊದಲು ಹೋಗಬಹುದೆಂಬ ಅನುಮಾನವಿದ್ದರೆ ಕೇವಿಯಟ್ ಹಾಕಿ. ಅದು 90 ದಿನ ಜೀವಂತವಾಗಿರುತ್ತದೆ, ನಿಮ್ಮನ್ನು ಕೇಳದೆ ಆದೇಶವಾಗದಂತೆ ನೋಡಿಕೊಳ್ಳುತ್ತದೆ. ದಿನಾಂಕವಿರುವ ಛಾಯಾಚಿತ್ರಗಳು, ಹಳೆಯ ಆಮಂತ್ರಣ ಅಥವಾ ಪುಣ್ಯತಿಥಿಯ ಪತ್ರಿಕೆಗಳು, ನೆರೆಯವರ ಹೇಳಿಕೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ತನ್ನನ್ನು ಎಲ್ಲಿ ಹೂಳಬೇಕೆಂಬ ಇಚ್ಛೆಯನ್ನು ಉಯಿಲಿನಲ್ಲಿ ಮಾತ್ರ ಬರೆಯುವವರಿದ್ದಾರೆ. ಉಯಿಲಿನ ಲಕೋಟೆ ಒಡೆಯುವುದು ಹನ್ನೊಂದನೆಯ ದಿನವೋ ತಿಂಗಳ ಪ್ರಾರ್ಥನೆಯ ನಂತರವೋ. ಹೂಳುವ ಜಾಗದ ವಿಷಯವನ್ನು ಬೇರೆ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಗೋರಿಯ ರಸೀದಿ ಅಥವಾ ಪಹಣಿಯ ನಕಲಿನ ಜೊತೆ ಒಂದು ಪ್ರತಿಯನ್ನು ಮನೆಯಲ್ಲೂ ಮತ್ತೊಂದನ್ನು ಸಮಿತಿಯ ಅಥವಾ ನಂಬಿಕಸ್ಥ ನೆಂಟರ ಬಳಿಯೂ ಇಡಿ. ಎಲ್ಲಿಟ್ಟಿದ್ದೀರೆಂದು ಕನಿಷ್ಠ ಇಬ್ಬರಿಗೆ ತಿಳಿಸಿ.